ಎಣ್ಣೆ ಕುಡಿದ ಉಡುಪು

2020ರ ನವೆಂಬರ್ 29. ಬಹ್ರೈನ್‌ನ ಸಾಖಿರ್ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಸ್ಪರ್ಧೆಯ ಮೊದಲ ಸುತ್ತು ಇನ್ನೂ ಮುಗಿದಿರಲಿಲ್ಲ. ಫ್ರಾನ್ಸಿನ ರೊಮೇನ್ ಗ್ರೋಜಾನ್ ಓಡಿಸುತ್ತಿದ್ದ ಕಾರು ತಡೆಬೇಲಿಗೆ ಅಪ್ಪಳಿಸಿ ಎರಡು ತುಂಡಾಯಿತು, ಬೆಂಕಿ ಹತ್ತಿಕೊಂಡಿತು. ಸುಮಾರು 28 ಸೆಕೆಂಡು ಉರಿಯಲ್ಲಿ ಸಿಲುಕಿದ್ದ ಆತ ಎದ್ದು ಹೊರಬಂದ! ಸುಟ್ಟದ್ದು ಮುಖ್ಯವಾಗಿ ಕೈಗಳು. ಮೈ ಉಳಿಸಿದ್ದರಲ್ಲಿ ತೊಟ್ಟ ಉಡುಪಿನ ಪಾಲು ದೊಡ್ಡದು.

ಇಂಥ ಉಡುಪುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ನೊಮೆಕ್ಸ್ ಎಂಬ ನೂಲು. ಅಮೆರಿಕದ ಡ್ಯುಪಾಂಟ್ ಕಂಪನಿ 1960ರ ದಶಕದಲ್ಲಿ ಹೊರತಂದ ಇದು ನೈಲಾನ್‌ಗೆ ದಾಯಾದಿ. ಆದರೆ ನೈಲಾನ್‌ನಂತೆ ಕರಗಿ ಮೈಗೆ ಅಂಟದು. ಉರಿ ತಾಗಿದರೆ ಕರಿಕಾಗಿ, ದಪ್ಪವಾಗಿ, ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಗುಣ ನೂಲಿನೊಳಗೇ ಇರುವುದರಿಂದ ಒಗೆದರೆ ಹೋಗುವುದಿಲ್ಲ.

ಹಾಗಾದರೆ ಎಂಜಿನ್ ಆಯಿಲ್ ಚೆಲ್ಲಿದರೇನು? ದೀಪದ ಬತ್ತಿಯನ್ನು ನೋಡಿ. ಎಣ್ಣೆ ಇರುವಷ್ಟು ಹೊತ್ತು ಉರಿಯುವುದು ಎಣ್ಣೆ, ಬತ್ತಿಯಲ್ಲ. ಎಣ್ಣೆ ಹೀರಿದ ನೊಮೆಕ್ಸ್ ಕೂಡ ಬತ್ತಿಯೇ. ಬಟ್ಟೆ ಉರಿಯದಿದ್ದರೂ ಎಣ್ಣೆ ಉರಿಯುತ್ತದೆ, ಅದೂ ಮೈಗೆ ತಾಗಿಕೊಂಡು.

ಇದು ದೂರದೇಶದ ಮಾತೇನಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರನ್ನು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಯ್ದು ಸ್ಪರ್ಧಿಸುತ್ತಾರೆ. ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಆ ಉಡುಪು ಮನೆಗೆ ಬಂದರೆ ಅಪ್ಪ ಅಮ್ಮಂದಿರಿಗೆ ಮೊದಲು ನೆನಪಾಗುವುದು ಹಳೆಯ ಉಪಾಯ: ಗ್ರೀಸ್ ಕಲೆಗೆ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಹಾಕಿ ಉಜ್ಜುವುದು. ಒಂದು ಬೆಂಕಿ ತೆಗೆಯಲು ಇನ್ನೊಂದನ್ನು ತುಂಬಿದಂತೆ.

ಉಡುಪಿನ ಒಳಗಿನ ಲೇಬಲ್ ಹೇಳಿದ್ದೇ ಅಂತಿಮ. ಡ್ರೈಕ್ಲೀನಿಂಗ್ ಎಂದಿದ್ದರೆ ಅದನ್ನೇ ಮಾಡಿಸಬೇಕು. ನೀರಿಗೆ ಹಾಕಬಹುದಾದರೆ, ಮೊದಲು ಒಣಬಟ್ಟೆ ಒತ್ತಿ ಎಣ್ಣೆ ಹೀರಿಸಬೇಕು; ಉಜ್ಜಿದರೆ ಒಳಪದರಕ್ಕೆ ಇಳಿಯುತ್ತದೆ. ಆಮೇಲೆ ಸೌಮ್ಯವಾದ ದ್ರವ ಡಿಟರ್ಜೆಂಟ್, ಉಗುರುಬೆಚ್ಚಗಿನ ನೀರು. ಮನೆಯ ಬೇರೆ ಬಟ್ಟೆಗಳ ಜೊತೆ ಬೇಡ. ಕ್ಲೋರಿನ್ ಬ್ಲೀಚ್ ನೂಲನ್ನು ದುರ್ಬಲಗೊಳಿಸುತ್ತದೆ. ಘಮಘಮಿಸುವ ಸಾಫ್ಟನರ್ ಉರಿಯಬಲ್ಲ ಪೊರೆ ಬಿಡುತ್ತದೆ. ಸಾಮಾನ್ಯ ಸಾಬೂನೂ ಅಷ್ಟೆ: ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಬಿಳಿ ಗಸಿಯಾಗುತ್ತದೆ ಎಂಬ ಶಾಲೆಯ ಪಾಠ ನೆನಪಿದೆಯಲ್ಲ? ಆ ಗಸಿ ಬಟ್ಟೆಯಲ್ಲೇ ಕೂರುತ್ತದೆ, ಉರಿಯುತ್ತದೆ ಕೂಡ. ಒಗೆದ ಮೇಲೆ ಮೂಸಿ ನೋಡಬೇಕು. ಎಣ್ಣೆಯ ವಾಸನೆ ಇದ್ದರೆ ಮತ್ತೊಮ್ಮೆ ಒಗೆತ. ಒಣಗಿಸುವುದು ನೆರಳಲ್ಲಿ.

ಸೀಟ್ ಬೆಲ್ಟಿನದು ಬೇರೆಯೇ ಕತೆ. ಜಿಡ್ಡಿಗೆ ಅಂಟಿದ ಮರಳು ಒಳಗಿನ ಎಳೆಗಳನ್ನು ಕೊಯ್ಯುತ್ತಿದ್ದರೂ ಹೊರಗೆ ಕಾಣದು. ಕಾಸ್ಟಿಕ್ ಸೋಡಾದಂಥ ಕ್ಷಾರ ಪಾಲಿಯೆಸ್ಟರನ್ನು ತಿಂದರೆ, ಬ್ಯಾಟರಿಯ ಆಮ್ಲ ನೈಲಾನನ್ನು ತಿನ್ನುತ್ತದೆ. ಮೇಲ್ಮೇಲಿನ ಕೊಳೆಯನ್ನು ಡಿಟರ್ಜೆಂಟ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬಹುದು; ಎಣ್ಣೆ ಒಳಗಿಳಿದಿದ್ದರೆ ಹೊಸದನ್ನು ಕೊಳ್ಳುವುದೇ ಸರಿ. ದುಬಾರಿ, ನಿಜ. ಆದರೆ ಸ್ಪರ್ಧೆಯ ಬೆಲ್ಟಿನ ಮೇಲೆ ಹೇಗೂ ಅವಧಿ ಮುಗಿಯುವ ವರ್ಷ ಅಚ್ಚಾಗಿರುತ್ತದೆ. ಅದು ದಾಟಿದ್ದರೆ ಎಷ್ಟೇ ಚೊಕ್ಕಟವಾಗಿದ್ದರೂ ತಪಾಸಣೆಯವರು ಕಾರನ್ನು ಟ್ರ್ಯಾಕಿಗೆ ಬಿಡುವುದಿಲ್ಲ.