ಕುಲಕರ್ಣಿ ಎಂಬ ಅಡ್ಡಹೆಸರು

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕುಲಕರ್ಣಿ ಎಂಬ ಅಡ್ಡಹೆಸರು ಊರಿನ ಲೆಕ್ಕ ಬರೆಯುವ ಹುದ್ದೆಯಿಂದ ಬಂದದ್ದು. ಕಂದಾಯ ಕೊಡುವ ಒಕ್ಕಲು ‘ಕುಳ’, ಲೆಕ್ಕ ಬರೆಯುವವನು ‘ಕರಣಿಕ’. ವಸೂಲಿಯ ಹೊಣೆ ಗೌಡರದು. ಯಾವ ಹೊಲ ಯಾರ ಹೆಸರಿಗಿದೆ, ಯಾರ ಬಾಕಿ ಎಷ್ಟು ಎಂಬ ಬರಹ ಕುಲಕರ್ಣಿಯವರದು.

ಕನ್ನಡ ನಾಡಿನ ಹಳೆಯ ಲೆಕ್ಕಗಳು ಇರುತ್ತಿದ್ದದ್ದು ಕಡತಗಳಲ್ಲಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿಡುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಳಪದ ಬಿಳಿ ಅಕ್ಷರ. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಮರಾಠರ ಆಳಿಕೆಯಲ್ಲಿ ಕಾಗದ ಮತ್ತು ಮೋಡಿ ಲಿಪಿಯ ಬಳಕೆ ಹೆಚ್ಚಿತು.

ಕುಲಕರ್ಣಿಕೆ ವತನವಾಗಿತ್ತು. ಕೆಲಸಕ್ಕೆ ಪ್ರತಿಯಾಗಿ ಇನಾಮು ಜಮೀನು. ಹುದ್ದೆ, ಜಮೀನು ಎರಡೂ ತಂದೆಯಿಂದ ಮಗನಿಗೆ. ಬ್ರಿಟಿಷರು 1874ರ ವತನ ಕಾಯ್ದೆಯಲ್ಲಿ ಈ ವಂಶಪಾರಂಪರ್ಯಕ್ಕೆ ಕಾನೂನಿನ ಚೌಕಟ್ಟು ಹಾಕಿದರು. ಹುದ್ದೆ ಮನೆತನಕ್ಕೆ ಅಂಟಿದ್ದರಿಂದಲೇ ಹೆಸರೂ ಅಂಟಿತು. ಗೌಡಕಿಯೂ ಸೇರಿದ್ದ ಮನೆಗಳು ಪಾಟೀಲಕುಲಕರ್ಣಿ ಆದವು. ಈ ಕೆಲಸ ಹೆಚ್ಚಾಗಿ ಬ್ರಾಹ್ಮಣ ಮನೆಗಳಲ್ಲಿತ್ತು ನಿಜ. ಆದರೆ ಎರಡು ಊರಿನ ಕುಲಕರ್ಣಿಗಳು ಬಂಧುಗಳಾಗಿರಬೇಕಿಲ್ಲ, ಗೋತ್ರ ಒಂದೇ ಇರಬೇಕಿಲ್ಲ. ಅಡ್ಡಹೆಸರು ನೋಡಿ ನಂಟು ಎಣಿಸುವುದು ತಪ್ಪು.

ಊರಿಗೆ ಗೌಡ, ಕುಲಕರ್ಣಿ ಇದ್ದಂತೆ ಹಲವು ಊರುಗಳ ಪರಗಣೆಗೆ ದೇಸಾಯಿ, ನಾಡಗೀರ; ಅವೂ ಅಡ್ಡಹೆಸರುಗಳಾದವು. ಶಿರಸಂಗಿ–ನವಲಗುಂದ ದೇಸಗತಿಯ ಲಿಂಗರಾಜ ದೇಸಾಯಿ (1861–1906) ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. ಕುಂದಗೋಳದ ನಾಡಗೀರ ವಾಡೆ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವದಿಂದ ನಾಡಿಗೆಲ್ಲ ಗೊತ್ತು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಮಾತ್ರ ತಮ್ಮ ಊರ ಹೆಸರಿನಿಂದ ಗಳಗನಾಥರೆಂದೇ ಪ್ರಸಿದ್ಧರಾದರು.

ಮುಂಬಯಿ ಸರಕಾರದ 1950ರ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯ್ದೆ 1951ರ ಮೇ 1ರಂದು ಜಾರಿಗೆ ಬಂತು. ಊರ ಲೆಕ್ಕ ಪಗಾರಿ ತಲಾಠಿಯ ಕೈಗೆ ಹೋಯಿತು. ಗೌಡಕಿಯ ವತನಕ್ಕೆ ಕೊನೆ ಹಾಡಿದ್ದು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ, ಅದು ಜಾರಿಯಾದದ್ದು 1963ರಲ್ಲಿ. ಆ ಹೊತ್ತಿಗೆ ಶಾಲೆಯ ದಾಖಲೆ, ಜಮೀನಿನ ಉತಾರಗಳಲ್ಲಿ ಕುಲಕರ್ಣಿ ಎಂಬುದು ಹೆಸರಾಗಿಯೇ ನೆಲೆಯೂರಿತ್ತು.

ಹಳೆಯ ಮನೆಗಳ ಅಟ್ಟದ ಮೇಲೆ ರುಮಾಲಿನಲ್ಲಿ ಕಟ್ಟಿಟ್ಟ ದಫ್ತರಗಳಿದ್ದರೆ ಅವನ್ನು ರದ್ದಿಗೆ ಹಾಕಬಾರದು. ಅವು ಒಂದು ಮನೆಯ ಆಸ್ತಿಯಲ್ಲ, ಇಡೀ ಊರಿನ ಚರಿತ್ರೆ. ಮೋಡಿ ಓದಬಲ್ಲವರು ಇರುವಾಗಲೇ ಅವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ತೋರಿಸಬೇಕು.