ಮಾಸದ ಮಚ್ಚೆ, ಅವಸರದ ಔಷಧಿ

ಹಿಡಕಲ್ ಅಣೆಕಟ್ಟಿನ ಆಸುಪಾಸಿನಲ್ಲಿ ಕಬ್ಬಿನ ಗದ್ದೆಗಿಳಿದು ದುಡಿಯುವವರಿಗೆ ಮೈತುರಿಕೆ ಹೊಸದಲ್ಲ. ತೊಡೆಯ ಮೇಲೆ ಕೆಂಪು ಮಚ್ಚೆ ಕಂಡರೆ ಹುಳುಕಡ್ಡಿ ಎಂದುಕೊಂಡು ಅಂಗಡಿಯಿಂದ ಮುಲಾಮು ತರುತ್ತೀರಿ. ಬಹುಪಾಲು ಅದು ಹುಳುಕಡ್ಡಿ ಇಲ್ಲವೇ ಇಸಬೇ ಆಗಿರುತ್ತದೆ. ಆದರೆ ಬಟ್ಟೆಯ ಮರೆಯಲ್ಲಿ, ಬಿಸಿಲು ಬೀಳದ ಕಡೆ, ವರ್ಷಗಟ್ಟಲೆ ಮಾಸದೆ ನಿಂತ ಮಚ್ಚೆ ಅಪರೂಪಕ್ಕೆ ಕ್ಯಾನ್ಸರ್ ಆಗಿರಬಹುದು.

ರಕ್ತದ ಬಿಳಿಕಣಗಳಲ್ಲಿ ಟಿ-ಕಣ ಎಂಬುದೊಂದು ಬಗೆ. ಅವು ಚರ್ಮದಲ್ಲಿ ಸೇರಿಕೊಂಡು ಹತೋಟಿ ತಪ್ಪಿ ಬೆಳೆಯುವುದೇ ಈ ರೋಗ. 1806ರಲ್ಲಿ ಪ್ಯಾರಿಸ್ಸಿನ ವೈದ್ಯ ಆಲಿಬೇರ್ ಕಂಡ ರೋಗಿಯ ಗೆಡ್ಡೆಗಳು ಅಣಬೆಯಂತಿದ್ದವು. ಅದರಿಂದಲೇ ‘ಮೈಕೋಸಿಸ್ ಫಂಗಾಯ್ಡಿಸ್’ ಎಂಬ ಹೆಸರು. ಅಣಬೆಗೂ ಇದಕ್ಕೂ ನಂಟಿಲ್ಲ. ಇದು ಅಂಟುರೋಗವೂ ಅಲ್ಲ. ಗುರುತಿಸಲು ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಒಂದೇ ಸಲಕ್ಕೆ ಗೊತ್ತಾಗದೆಯೂ ಇರಬಹುದು. ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದು ರೋಗದ ಗುರುತನ್ನೇ ಮರೆಮಾಡುತ್ತದೆ.

ಕ್ಯಾನ್ಸರ್ ಎಂದೊಡನೆ ಮನೆಯವರು ಹೊಲ ಅಡವಿಟ್ಟಾದರೂ ಜೋರಾದ ಔಷಧಿಯನ್ನೇ ಕೊಡಿಸಲು ಹೊರಡುತ್ತಾರೆ. ಆರಂಭದ ಹಂತದಲ್ಲಿ ಇದು ತಪ್ಪು. ಅಮೆರಿಕದಲ್ಲಿ 103 ರೋಗಿಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ. ಒಂದು ಗುಂಪಿಗೆ ಮೈತುಂಬ ಎಲೆಕ್ಟ್ರಾನ್ ಕಿರಣದ ಜೊತೆ ಕೀಮೋಥೆರಪಿ ಕೊಟ್ಟರು. ಇನ್ನೊಂದಕ್ಕೆ ಮೇಲೆ ಹಚ್ಚುವ ಔಷಧಿಯಿಂದ ಶುರುಮಾಡಿ ಬೇಕಾದಂತೆ ಹೆಚ್ಚಿಸಿದರು. ಮೊದಲ ಗುಂಪಿನಲ್ಲಿ ಮಚ್ಚೆ ಹೆಚ್ಚು ಜನರಿಗೆ ಹೋಯಿತು, ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಅಡ್ಡಪರಿಣಾಮಗಳನ್ನು ಅನುಭವಿಸಿದ್ದೇ ಬಂತು.

ರೋಗ ಗೆಡ್ಡೆ ಕಟ್ಟಿದರೆ, ಇಲ್ಲವೇ ರಕ್ತಕ್ಕಿಳಿದು ‘ಸೆಜಾರಿ’ ರೂಪ ತಾಳಿದರೆ ಮಾತು ಬೇರೆ. ಆಗ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಲು ತಡಮಾಡಬೇಡಿ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊಗಮುಲಿಜುಮಾಬ್‌ನಂಥ ಹೊಸ ಮದ್ದುಗಳಿವೆ, ಬೆಲೆ ಮಾತ್ರ ಎಟುಕುವಂಥದ್ದಲ್ಲ.

ಮಚ್ಚೆಯ ಹಂತದಲ್ಲಿ ಬೆಳಕೇ ಮದ್ದು. ಸೋರಾಲೆನ್ ಮಾತ್ರೆ ನುಂಗಿಸಿ ಅತಿನೇರಳೆ ಕಿರಣ ಹಾಯಿಸುವುದು ಒಂದು ವಿಧಾನ. ಮಾತ್ರೆಯಿಲ್ಲದೆ ಕಿರಣವಷ್ಟೇ ಹಾಯಿಸುವುದು ಇನ್ನೊಂದು. ನಮ್ಮ ವೈದ್ಯರು ತೊನ್ನಿಗೆ ಬಳಸುತ್ತ ಬಂದ ಬಾವಂಚಿ ಬೀಜದಲ್ಲಿರುವುದೂ ಸೋರಾಲೆನ್ನೇ. ಹಾಗೆಂದು ಬಾವಂಚಿ ಅರೆದು ಹಚ್ಚಿ ಬಿಸಿಲಿಗೆ ಕೂತೀರಿ, ಮೈ ಬೊಬ್ಬೆಯೇಳುತ್ತದೆ!

ಈ ಚಿಕಿತ್ಸೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು. ಹಿಡಕಲ್‌ನಿಂದ ಬೆಳಗಾವಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋದಂತೆ. ಅರ್ಧಕ್ಕೇ ಬಿಡುವವರನ್ನು ಬೈದು ಫಲವೇನು? ತೊನ್ನು, ಸೋರಿಯಾಸಿಸ್ ರೋಗಿಗಳಿಗೂ ಇದೇ ದೀಪ ಬೇಕು. ಗೋಕಾಕ, ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದೊಂದು ದೀಪ, ಅದನ್ನು ನಡೆಸಲು ತರಬೇತಾದ ಒಬ್ಬ ಸಿಬ್ಬಂದಿ, ವಾರಕ್ಕೊಮ್ಮೆ ಚರ್ಮವೈದ್ಯರು: ಇಷ್ಟನ್ನು ನಾವು ಕೇಳಲೇಬೇಕು.