ಹಳೆಯ ಬಟ್ಟೆಯೂ ದಾನದ ಗರ್ವವೂ

ವರ್ತೂರಿನ ಸುತ್ತ ತಲೆಯೆತ್ತಿರುವ ಬಹುಮಹಡಿ ವಸತಿಗಳಲ್ಲಿ ಮನೆ ಬದಲಾಯಿಸಿದಾಗಲೆಲ್ಲ ಬಟ್ಟೆ, ಪಾತ್ರೆ, ಹಾಸಿಗೆಗಳು ಹೊರಬೀಳುತ್ತವೆ. ಇವನ್ನು ಹಳ್ಳಿಗೆ ಕಳುಹಿಸಬೇಕೆಂಬ ಮಾತು ಸಾಧುವಾದುದೇ. ಆದರೆ ನಗರದ ಮಿಗತೆ ಹಳ್ಳಿಗೆ ಹೋಗುವುದು ಹೊಸತೇನಲ್ಲ. 2014ರವರೆಗೆ ಬೆಂಗಳೂರಿನ ಕಸವು ಮಂಡೂರಿನಲ್ಲಿ ಬೆಟ್ಟವಾಗಿ ಬಿದ್ದಿತು. ಊರವರು ಪ್ರತಿಭಟಿಸಿದ ಮೇಲೆಯೇ ಅದು ನಿಂತಿತು.

ಒಂದು ಕಿಲೋಗ್ರಾಂ ಹತ್ತಿಬಟ್ಟೆ ಸಿದ್ಧವಾಗಲು ಲೋಕದ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ವ್ಯಯವಾಗುತ್ತದೆ. ಹಳೆಯ ಬಟ್ಟೆಯೊಂದು ಹೊಸದರ ಸ್ಥಾನವನ್ನು ತುಂಬಿದರೆ ಆ ನೀರು ಉಳಿದಂತೆ. ಕಸದಡಿ ಗಾಳಿ ಸೋಕದೆ ಕೊಳೆತರೆ ಅದೇ ಹತ್ತಿ ಮೀಥೇನ್ ಅನಿಲವಾಗುತ್ತದೆ. ಪಾಲಿಯೆಸ್ಟರಾದರೋ ಬಹುಕಾಲ ಕೊಳೆಯುವುದೇ ಇಲ್ಲ.

ಆದರೂ ಹರಿದುದನ್ನು ಕೊಟ್ಟು ಪುಣ್ಯ ಗಳಿಸಿದೆವೆನ್ನುವುದು ಸಲ್ಲದು. 1999ರಲ್ಲಿ ಅಂಶು ಗುಪ್ತಾ ಅವರು ದೆಹಲಿಯಲ್ಲಿ ಸ್ಥಾಪಿಸಿದ ‘ಗೂಂಜ್’ ಸಂಸ್ಥೆಯ ಕ್ರಮ ಅನುಕರಣೀಯ. ಅಲ್ಲಿ ಹಳ್ಳಿಗರು ತಮಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ದುಡಿದು ಮಾಡಿಕೊಳ್ಳುತ್ತಾರೆ. ಬಟ್ಟೆಬರೆ ಆ ದುಡಿಮೆಗೆ ಸಲ್ಲುವ ಗೌರವವೇ ಹೊರತು ಭಿಕ್ಷೆಯಲ್ಲ.

ವಿದ್ಯಾರ್ಥಿಮಿತ್ರರೇ, ಗಂಟು ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಇದನ್ನು ನನ್ನ ತಮ್ಮನಿಗೆ ತೊಡಿಸುವೆನೇ? ಇಲ್ಲವೆಂದಾದರೆ ಅದು ದಾನವಲ್ಲ. ಮಂಡೂರಿನ ದಾರಿ ಹಿಡಿದ ಕಸವೇ ಸರಿ.